ಡೈರಿ ಅಧ್ಯಕ್ಷೆ ಆಗಲಾ, ಕೆ-ಸೆಟ್‌ಗೆ ಓದಲಾ?

ಪ್ರಶ್ನೆ: ಅಕ್ಕ, ನಮಸ್ಕಾರ. ನನಗೆ 34 ವರ್ಷ. ತಿಪಟೂರು ತಾಲ್ಲೂಕಿನ ಒಂದು ಹಳ್ಳಿ ನಮ್ಮದು. ಪಟ್ಟಣದ ಖಾಸಗಿ ಪಿಯು ಕಾಲೇಜಿನಲ್ಲಿ ಕನ್ನಡ ಉಪನ್ಯಾಸಕಿ. ಬಸ್ಸಿನಲ್ಲಿ ಹೋಗಿ ಬರಲು ದಿನಕ್ಕೆ ಒಂದೂವರೆ ಗಂಟೆ ಆಗುತ್ತದೆ. ಮನೆಯಲ್ಲಿ ಎರಡು ಹಸು ಇವೆ, ಅತ್ತೆ ನೋಡಿಕೊಳ್ಳುತ್ತಾರೆ. ನಮ್ಮೆಜಮಾನರದು ಕೊಬ್ಬರಿ ವ್ಯಾಪಾರ. ಇಬ್ಬರು ಮಕ್ಕಳು, ಒಬ್ಬಳು ಮೂರನೇ ಕ್ಲಾಸು, ಇನ್ನೊಬ್ಬ ಯುಕೆಜಿ. ನಮ್ಮೂರಿನ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಎರಡು ವರ್ಷದಿಂದ ನಿರ್ದೇಶಕಿ ಆಗಿದ್ದೇನೆ. ಈಗ ಅಧ್ಯಕ್ಷೆ ಮಗನ ಮನೆಗೆ ಅಂತ ಬೆಂಗಳೂರಿಗೆ ಹೋದರು. ಉಳಿದವರೆಲ್ಲ ‘ನೀನು ಓದಿದವಳು, ನೀನೇ ಆಗು’ ಅಂತಿದ್ದಾರೆ. ನನಗೂ ಆಸೆ ಇದೆ, ಸುಳ್ಳು ಹೇಳಲ್ಲ. ಆದರೆ ಕಾಲೇಜು ಸಹಾಯಕ ಪ್ರಾಧ್ಯಾಪಕಿ ಆಗಲು ಬರೆಯುವ ರಾಜ್ಯದ ಅರ್ಹತಾ ಪರೀಕ್ಷೆ ಕೆ-ಸೆಟ್ ಎರಡು ಸಲ ಸ್ವಲ್ಪದರಲ್ಲೇ ತಪ್ಪಿದೆ. ಈ ಸಲ ಬಿಡಬಾರದು ಅಂತ ಇದ್ದೇನೆ. ನಮ್ಮೆಜಮಾನರು ‘ನೀನು ಸಹಿ ಹಾಕು ಸಾಕು, ಡೈರಿ ನಾನು ನೋಡ್ಕೋತೀನಿ’ ಅಂತಾರೆ. ಕೆಲಸ, ಡೈರಿ, ಓದು ಮೂರನ್ನೂ ಹೇಗೆ ಸರಿದೂಗಿಸಲಿ? ಒಂದನ್ನು ಬಿಡಬೇಕಾ?

ಉತ್ತರ:

ತಂಗಿ, ಮೊದಲು ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಅಧ್ಯಕ್ಷೆ ಆಗಿ. ಆದರೆ ನೀವೇ ಆಗಿ. ‘ಸಹಿ ನನ್ನದು, ಕೆಲಸ ಯಜಮಾನರದು’ ಅನ್ನೋ ಹಾಗಿದ್ದರೆ ದಯವಿಟ್ಟು ಬೇಡ. ನಿರ್ದೇಶಕಿಯಾಗಿಯೇ ಇದ್ದು ನೆಮ್ಮದಿಯಾಗಿ ಓದಿ.

ನಿಮ್ಮ ಯಜಮಾನರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಅದು ನನಗೆ ಅರ್ಥವಾಗುತ್ತದೆ. ಹೆಂಡತಿಗೆ ಭಾರ ಜಾಸ್ತಿ ಆಗುತ್ತದೆ, ಸ್ವಲ್ಪ ಹೊರೋಣ ಅಂದುಕೊಂಡಿದ್ದಾರೆ. ಆದರೆ ಹೊರಲು ಹೊರಟ ಭಾರ ತಪ್ಪು ಭಾರ. 22 ವರ್ಷ ನಾನು ಸಹಕಾರ ಸಂಘಗಳ ಆಡಳಿತ ಮಂಡಳಿಯ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟಿದ್ದೇನೆ. ‘ನೀನು ಸಹಿ ಹಾಕು ಸಾಕು’ ಅನ್ನೋ ಮಾತನ್ನು ನೂರಾರು ಮನೆಗಳಲ್ಲಿ ಕೇಳಿದ್ದೇನೆ. ಅದರಿಂದ ಕಣ್ಣೀರು ಹಾಕಿದವರನ್ನೂ ನೋಡಿದ್ದೇನೆ.

ಕಾನೂನು ಏನು ಹೇಳುತ್ತದೆ ಅಂತ ತಿಳಿದುಕೊಳ್ಳಿ. ನಿಮ್ಮ ಸಂಘ ನಡೆಯುವುದು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ ಪ್ರಕಾರ. ಅದರ 63ನೇ ಕಲಂ ಲೆಕ್ಕಪರಿಶೋಧನೆಯದ್ದು, 64 ವಿಚಾರಣೆಯದ್ದು. 69ನೇ ಕಲಂ ಅಧಿಭಾರದ್ದು, ಆಫೀಸಿನ ಮಾತಲ್ಲಿ ‘ಸರ್‌ಚಾರ್ಜ್’. ಸಂಘದ ಹಣಕ್ಕೆ ಮೋಸದಿಂದಲೋ, ಬೇಕಂತ ಮಾಡಿದ ನಿರ್ಲಕ್ಷ್ಯದಿಂದಲೋ ನಷ್ಟವಾದರೆ, ಅದಕ್ಕೆ ಕಾರಣರಾದ ಪದಾಧಿಕಾರಿಗಳಿಂದಲೇ ಅದನ್ನು ಕಟ್ಟಿಸಿಕೊಳ್ಳುವ ಅಧಿಕಾರ ಈ ಕಲಂನಲ್ಲಿದೆ. ಅಲ್ಲಿ ನೋಡುವುದು ಕಾಗದದ ಮೇಲೆ ಯಾರ ಹೆಸರು, ಯಾರ ಸಹಿ ಅಂತ. ‘ಸರ್, ನನಗೆ ಗೊತ್ತಿಲ್ಲ, ನಮ್ಮೆಜಮಾನರು ನೋಡ್ಕೋತಿದ್ರು’ ಅಂದರೆ ಅದು ನಿಮ್ಮನ್ನು ಉಳಿಸುವುದಿಲ್ಲ. ಉಪ್ಪು ಯಾರೋ ತಿಂದು ನೀರು ನೀವು ಕುಡಿಯುವ ಹಾಗೆ ಆಗಬಾರದು.

ಇನ್ನೊಂದು ಕಾರಣ ಇದೆ. ನನಗೆ ಅದು ಕಾನೂನಿಗಿಂತ ದೊಡ್ಡದು. ಮಹಿಳಾ ಡೈರಿಗಳು ಯಾಕೆ ಶುರುವಾದವು ಹೇಳಿ. ಹಸು ಮೈ ತೊಳೆಯೋದು, ಸಗಣಿ ಬಾಚೋದು, ಹುಲ್ಲು ತರೋದು, ಹಾಲು ಕರೆಯೋದು ಹೆಂಗಸರು. ಸಂಘದಲ್ಲಿ ಷೇರು, ಪಾಸ್‌ಬುಕ್, ಬಟವಾಡೆ ದುಡ್ಡು ಮಾತ್ರ ಗಂಡಸರ ಹೆಸರಲ್ಲಿ. 1974ರಲ್ಲಿ ವಿಶ್ವಬ್ಯಾಂಕ್ ಸಾಲದ ನೆರವಿನಿಂದ ನಮ್ಮ ರಾಜ್ಯದಲ್ಲಿ ಹೈನುಗಾರಿಕೆ ಯೋಜನೆ ಶುರುವಾಯಿತು. 1984ರಲ್ಲಿ ಕೆಎಂಎಫ್, ಅಂದರೆ ಕರ್ನಾಟಕ ಹಾಲು ಮಹಾಮಂಡಳ ಆಯಿತು. ಊರೂರಿಗೂ ಡೈರಿ ಬಂತು. ಆದರೂ ಈ ಏರುಪೇರು ಹಾಗೇ ಉಳಿದಿತ್ತು. 1986-87ರಲ್ಲಿ ಕೇಂದ್ರ ಸರ್ಕಾರ ಹೆಣ್ಣುಮಕ್ಕಳ ತರಬೇತಿಗೆ, ದುಡಿಮೆಗೆ ‘ಸ್ಟೆಪ್’ ಅನ್ನೋ ಯೋಜನೆ ತಂದಿತು. ಕೆಎಂಎಫ್ ಅದನ್ನು ಹಿಡಿದುಕೊಂಡು ಹೆಂಗಸರೇ ಸದಸ್ಯರು, ಹೆಂಗಸರೇ ಮಂಡಳಿ ಆಗಿರುವ ಸಂಘಗಳನ್ನು ಕಟ್ಟಿಸಿತು. ಇಷ್ಟೆಲ್ಲ ಆಗಿ ನಿಮ್ಮ ಕೈಗೆ ಬಂದ ಕುರ್ಚಿ ಅದು. ಅದನ್ನು ಮತ್ತೆ ಗಂಡನ ಕೈಗೆ ಕೊಟ್ಟರೆ ನಿಮ್ಮ ಸಂಘದ ಉಳಿದ ಹೆಂಗಸರು ಯಾರ ಹತ್ತಿರ ಬಾಯಿ ಬಿಟ್ಟು ಮಾತಾಡಬೇಕು?

ಸರಿ, ಈಗ ನಿಮ್ಮ ಪ್ರಶ್ನೆಗೆ ಬರೋಣ. ಮೂರನ್ನೂ ಸರಿದೂಗಿಸೋದು ಹೇಗೆ?

ದಿನದ ಲೆಕ್ಕದಲ್ಲಿ ಆಗೋದಿಲ್ಲ. ಬೆಳಿಗ್ಗೆ ಇಷ್ಟು ಡೈರಿ, ಮಧ್ಯಾಹ್ನ ಇಷ್ಟು ಕಾಲೇಜು, ರಾತ್ರಿ ಇಷ್ಟು ಓದು ಅಂತ ಪ್ರತಿದಿನ ಮೂರು ಪಾಲು ಮಾಡಿದರೆ ಕೊನೆಗೆ ಸೊರಗುವುದು ಓದು. ಇದನ್ನು ನಾನು ಅನುಭವಿಸಿಯೇ ಹೇಳುತ್ತಿದ್ದೇನೆ. ನಾನು ಬ್ಯಾಂಕಿನಲ್ಲಿ ಕೆಲಸಕ್ಕಿದ್ದಾಗ ಒಂದು ಮಹಿಳಾ ಪತ್ತಿನ ಸಂಘದ ಅಧ್ಯಕ್ಷೆಯಾದೆ. ಆಗಲೇ ಎಂ.ಎ. ಎರಡನೇ ವರ್ಷಕ್ಕೆ ಫೀಸು ಕಟ್ಟಿದ್ದೆ. ದಿನಾ ರಾತ್ರಿ ಹತ್ತಕ್ಕೆ ಓದಲು ಕೂರುತ್ತೇನೆ ಅಂದುಕೊಂಡೆ. ಬ್ಯಾಂಕಿಗೆ ಟೈಮಿತ್ತು, ಸಂಘಕ್ಕೆ ಜನ ಬಾಗಿಲಿಗೇ ಬರುತ್ತಿದ್ದರು. ಓದು ಮಾತ್ರ ಯಾರೂ ಬಂದು ಕೇಳದ ಕೆಲಸ. ಹತ್ತು ಗಂಟೆಗೆ ಪುಸ್ತಕ ತೆಗೆದರೆ ಹತ್ತೂಕಾಲಿಗೆ ನಿದ್ದೆ. ಆ ವರ್ಷ ಪರೀಕ್ಷೆಗೆ ಕೂರಲೇ ಇಲ್ಲ. 11 ವರ್ಷ ಆದಮೇಲೆ ಬರೆದು ಮುಗಿಸಿದೆ. ಆ 11 ವರ್ಷ ನನಗೆ ಈಗಲೂ ನೋವು ಕೊಡುತ್ತದೆ. ನಿಮಗೆ ಹಾಗಾಗಬಾರದು.

ಹಾಗಾಗಿ ದಿನ ಬಿಡಿ, ವರ್ಷ ಹಿಡಿಯಿರಿ. ನೀವು ಬೇಸಾಯದ ಮನೆಯವರು, ನಿಮಗೆ ಇದು ಹೊಸದಲ್ಲ. ರಾಗಿ ಬಿತ್ತನೆ ಹೊತ್ತಲ್ಲಿ ಯಾರೂ ಮನೆ ಕಟ್ಟಲು ತಳಪಾಯ ತೆಗೆಯುವುದಿಲ್ಲ. ಒಕ್ಕಣೆ ಹೊತ್ತಲ್ಲಿ ನೆಂಟರ ಊರಿಗೆ ಹೋಗಿ ವಾರ ಕೂರುವುದಿಲ್ಲ. ಒಂದೊಂದು ಕೆಲಸಕ್ಕೆ ಒಂದೊಂದು ತಿಂಗಳು ಯಜಮಾನ. ಉಳಿದವು ಆ ತಿಂಗಳು ಹಿಂದೆ ನಿಲ್ಲುತ್ತವೆ, ಆದರೆ ಸಾಯುವುದಿಲ್ಲ.

ನಿಮ್ಮ ಮೂರು ಕೆಲಸಗಳ ತಿಂಗಳುಗಳನ್ನು ಒಂದು ಹಾಳೆಯಲ್ಲಿ ಬರೆದು ನೋಡಿ. ಡೈರಿಯ ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಏಪ್ರಿಲ್‌ನಿಂದ ಲೆಕ್ಕ ಕಟ್ಟೋದು, ಆಮೇಲೆ ಆಡಿಟ್, ಸೆಪ್ಟೆಂಬರ್ ಒಳಗೆ ವಾರ್ಷಿಕ ಮಹಾಸಭೆ. ಅಂದರೆ ಡೈರಿಯ ಬಿಸಿ ಇರೋದು ಏಪ್ರಿಲ್-ಮೇ ಮತ್ತು ಆಗಸ್ಟ್-ಸೆಪ್ಟೆಂಬರ್. ಪಿಯು ಕಾಲೇಜಿನ ಬಿಸಿ ಜನವರಿಯಿಂದ ಮಾರ್ಚ್, ಆಮೇಲೆ ಮೌಲ್ಯಮಾಪನ. ಕೆ-ಸೆಟ್ 2024ರಲ್ಲೂ 2025ರಲ್ಲೂ ನವೆಂಬರ್‌ನಲ್ಲಿ ನಡೆಯಿತು. ಈಗ ಜೂನ್. ಕಾಣಿಸ್ತಾ? ಮಹಾಸಭೆ ಮುಗಿದ ಮರುದಿನದಿಂದ ಪರೀಕ್ಷೆಯವರೆಗೆ ಸುಮಾರು ಐದಾರು ವಾರ ಡೈರಿಯಲ್ಲಿ ದೊಡ್ಡ ಕೆಲಸವೇ ಇಲ್ಲ. ಕಾಲೇಜಲ್ಲೂ ದಸರಾ ರಜೆ ಆ ಹೊತ್ತಿಗೇ ಬರುತ್ತದೆ. ಆ ವಾರಗಳನ್ನು ಓದಿಗೆ ಈಗಲೇ ಬರೆದಿಡಿ.

ಅಕ್ಟೋಬರ್ ತಿಂಗಳ ಮಂಡಳಿ ಸಭೆಯನ್ನು ಉಪಾಧ್ಯಕ್ಷೆ ನಡೆಸಲಿ. ಇದನ್ನು ಅಕ್ಟೋಬರ್‌ನಲ್ಲಿ ಕೇಳಬೇಡಿ, ಅಧ್ಯಕ್ಷೆಯಾಗಲು ಒಪ್ಪುವ ದಿನವೇ ಎಲ್ಲರ ಮುಂದೆ ಹೇಳಿ. ‘ನಾನು ಆಗ್ತೀನಿ. ಆದರೆ ಅಕ್ಟೋಬರ್‌ನಲ್ಲಿ ನನಗೆ ಪರೀಕ್ಷೆ ಓದು ಇದೆ, ಆ ತಿಂಗಳು ನೀವು ನೋಡ್ಕೋಬೇಕು.’ ಮುಂಚೆ ಹೇಳಿದರೆ ಅದು ಕರಾರು. ಆಗಿನ ಹೊತ್ತಿಗೆ ಹೇಳಿದರೆ ನೆಪ ಅಂತಾರೆ. ಇನ್ನು ಉಪಾಧ್ಯಕ್ಷೆಗೆ ಸಭೆ ನಡೆಸಿ ಅಭ್ಯಾಸ ಇಲ್ಲದಿದ್ದರೆ ಜುಲೈ, ಆಗಸ್ಟ್ ಸಭೆಗಳಲ್ಲಿ ಅರ್ಧ ಹೊತ್ತು ಅವರೇ ನಡೆಸಲಿ, ನೀವು ಪಕ್ಕದಲ್ಲಿ ಕೂತಿರಿ. ಹೀಗೆ ಇನ್ನೊಬ್ಬ ಹೆಂಗಸಿಗೆ ಧೈರ್ಯ ಬಂದರೆ ಅದು ಕೆ-ಸೆಟ್‌ಗಷ್ಟೇ ಅಲ್ಲ, ಸಂಘಕ್ಕೂ ಲಾಭ.

ಅಧ್ಯಕ್ಷೆಯ ಕೆಲಸ ನಿಜವಾಗಿ ಎಷ್ಟು ಅನ್ನೋದನ್ನೂ ಹೇಳಬೇಕು. ಜನ ಅದನ್ನು ಬಹಳ ದೊಡ್ಡದು ಅಂದುಕೊಳ್ಳುತ್ತಾರೆ, ಅಥವಾ ಏನೂ ಇಲ್ಲ ಅಂದುಕೊಳ್ಳುತ್ತಾರೆ. ಎರಡೂ ತಪ್ಪು. ತಿಂಗಳಿಗೊಂದು ಮಂಡಳಿ ಸಭೆ, ಮೂರು ಗಂಟೆ. ವಾರಕ್ಕೊಮ್ಮೆ ಲೆಕ್ಕ ನೋಡಲು ಒಂದು ಗಂಟೆ. ಚೆಕ್ಕಿಗೆ, ಬಟವಾಡೆ ಪಟ್ಟಿಗೆ ಸಹಿ. ವರ್ಷದಲ್ಲಿ ಕೆಲವು ಸಲ ನಿಮ್ಮ ಸಂಘದ ಹಾಲು ಕೊಳ್ಳುವ ತುಮಕೂರಿನ ಹಾಲು ಒಕ್ಕೂಟಕ್ಕೆ ಹೋಗಬೇಕು. ಎಲ್ಲ ಸೇರಿ ತಿಂಗಳಿಗೆ ಹತ್ತು-ಹನ್ನೆರಡು ಗಂಟೆ. ಇದು ನಿಮ್ಮ ಕೈಲಿ ಆಗುತ್ತದೆ.

ಬೆಳಿಗ್ಗೆ ಸಂಜೆ ಹಾಲು ಅಳೆಯೋದು, ಫ್ಯಾಟ್ ನೋಡೋದು, ಪುಸ್ತಕ ಬರೆಯೋದು, ಕ್ಯಾನ್ ತೊಳೆಸೋದು ನಿಮ್ಮ ಕೆಲಸ ಅಲ್ಲ. ಅದಕ್ಕೆ ಸಂಬಳದ ಕಾರ್ಯದರ್ಶಿ ಇದ್ದಾರೆ, ಹಾಲು ಪರೀಕ್ಷಕರು ಇದ್ದಾರೆ. ಗುಜರಾತಿನ ಆನಂದ್‌ನಲ್ಲಿ ಏನಾಯಿತು ನೋಡಿ. ಖೇಡಾ ಜಿಲ್ಲೆಯ ಹಾಲು ಒಕ್ಕೂಟ 1946ರ ಡಿಸೆಂಬರ್‌ನಲ್ಲಿ ನೋಂದಣಿ ಆಯಿತು, ಅದೇ ಮುಂದೆ ಅಮುಲ್. ಅದರ ಅಧ್ಯಕ್ಷರು ತ್ರಿಭುವನದಾಸ್ ಪಟೇಲ್. 1949ರಲ್ಲಿ ಆನಂದ್‌ಗೆ ಬಂದ ವರ್ಗೀಸ್ ಕುರಿಯನ್ ಅದರ ಮ್ಯಾನೇಜರ್ ಆದರು. ಪಟೇಲರು ಹಳ್ಳಿ ಹಳ್ಳಿ ತಿರುಗಿ ರೈತರ ನಂಬಿಕೆ ಉಳಿಸಿಕೊಂಡರು. ಡೈರಿ ನಡೆಸೋದನ್ನು ಕುರಿಯನ್‌ಗೆ ಬಿಟ್ಟರು, ಅದರಲ್ಲಿ ಕೈ ಹಾಕಲಿಲ್ಲ. ಈ ಜೋಡಿ ದಶಕಗಳ ಕಾಲ ಹೀಗೇ ನಡೆಯಿತು. ನಿಮ್ಮದು ನಾಲ್ಕು ಬೀದಿಯ ಡೈರಿ ಇರಬಹುದು, ಆದರೆ ಕೆಲಸ ಹಂಚುವ ರೀತಿ ಅದೇ. ಸದಸ್ಯರ ನಂಬಿಕೆ ನಿಮ್ಮ ಜವಾಬ್ದಾರಿ. ದಿನದ ವಹಿವಾಟು ಕಾರ್ಯದರ್ಶಿಯದ್ದು.

ಆದರೆ ವಾರದ ಆ ಒಂದು ಗಂಟೆಯನ್ನು ಮಾತ್ರ ಯಾರಿಗೂ ಬಿಡಬೇಡಿ. ಏನು ನೋಡಬೇಕು ಅಂತ ಹೇಳುತ್ತೇನೆ, ಯಾಕೆಂದರೆ ಹೆಚ್ಚಿನ ಅಧ್ಯಕ್ಷೆಯರಿಗೆ ಇದನ್ನು ಯಾರೂ ಹೇಳಿಕೊಡುವುದಿಲ್ಲ. ಸದಸ್ಯರಿಂದ ಆ ವಾರ ಕೊಂಡ ಹಾಲು ಎಷ್ಟು ಲೀಟರ್, ಸರಾಸರಿ ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ಎಷ್ಟು? ಅದು ಒಂದು ಪುಸ್ತಕದಲ್ಲಿರುತ್ತದೆ. ಒಕ್ಕೂಟ ನಿಮ್ಮಿಂದ ತೆಗೆದುಕೊಂಡ ಹಾಲು ಎಷ್ಟು, ಅವರ ಪರೀಕ್ಷೆಯಲ್ಲಿ ಫ್ಯಾಟ್ ಎಷ್ಟು ಬಂತು? ಅದು ಅವರು ಕೊಡುವ ಚೀಟಿಯಲ್ಲಿರುತ್ತದೆ. ಊರಲ್ಲೇ ಮಾರಿದ್ದು ಎಷ್ಟು? ಈ ಮೂರನ್ನು ಪಕ್ಕಪಕ್ಕ ಇಡಿ. ಸ್ವಲ್ಪ ಹೆಚ್ಚುಕಮ್ಮಿ ಇದ್ದೇ ಇರುತ್ತದೆ. ಆದರೆ ಸದಸ್ಯರಿಗೆಲ್ಲ 3.5ಕ್ಕಿಂತ ಕಮ್ಮಿ ಫ್ಯಾಟ್ ತೋರಿಸಿ, ಒಕ್ಕೂಟದ ಚೀಟಿಯಲ್ಲಿ ವಾರ ವಾರವೂ 4ರ ಮೇಲೆ ಬರುತ್ತಿದ್ದರೆ, ಆ ದುಡ್ಡು ಎಲ್ಲೋ ನಿಲ್ಲುತ್ತಿದೆ. ಸಂಘದ ಲಾಭದಲ್ಲಿ ನಿಂತಿದ್ದರೆ ವರ್ಷದ ಕೊನೆಗೆ ಬೋನಸ್ ಆಗಿ ಸದಸ್ಯರಿಗೆ ವಾಪಸ್ ಬರಬೇಕು. ಅಲ್ಲೂ ಇಲ್ಲದಿದ್ದರೆ ಕೇಳಲೇಬೇಕು. ಜಗಳ ಮಾಡಬೇಡಿ, ಸುಮ್ನೆ ಪ್ರತಿವಾರ ಬರೆದಿಟ್ಟುಕೊಳ್ಳಿ. ಅಧ್ಯಕ್ಷೆ ಲೆಕ್ಕ ಬರೆದುಕೊಳ್ಳುತ್ತಾರೆ ಅಂತ ಗೊತ್ತಾದರೆ ಅರ್ಧ ತೊಂದರೆ ತಾನಾಗೇ ನಿಲ್ಲುತ್ತದೆ.

ಈ ಹನ್ನೆರಡು ಗಂಟೆ ನಿಮ್ಮ ಓದನ್ನು ತಿನ್ನುವುದಿಲ್ಲ. ತಿನ್ನುವುದು ಜಗುಲಿ. ಸಂಜೆ ಆರೂವರೆಗೆ ಬಸ್ಸಿಳಿದು ಬರುತ್ತೀರಿ, ಯಾರೋ ಕೂತಿರುತ್ತಾರೆ. ‘ನನ್ನ ಹಾಲಿಗೆ ಫ್ಯಾಟ್ ಕಮ್ಮಿ ಬಂತು.’ ‘ಸರ್ಕಾರದ 5 ರೂಪಾಯಿ ಪ್ರೋತ್ಸಾಹಧನ ಇನ್ನೂ ಬಂದಿಲ್ಲ.’ ‘ಫೀಡ್ ಮೂಟೆ ಅವಳಿಗೆ ಕೊಟ್ರು, ನನಗೆ ಇಲ್ಲ ಅಂದ್ರು.’ ಎಲ್ಲ ನಿಜವಾದ ಕಷ್ಟಗಳೇ. ಆದರೆ ನಿಮ್ಮ ಮನೆ ಜಗುಲಿಯಲ್ಲಿ ಒಂದಕ್ಕೂ ಪರಿಹಾರ ಸಿಗುವುದಿಲ್ಲ, ಯಾಕೆಂದರೆ ಪುಸ್ತಕ ಡೈರಿಯಲ್ಲಿದೆ. ಸಿಗುವುದು ಕಾಫಿ ಮಾತ್ರ. ಅಷ್ಟರಲ್ಲಿ ಎಂಟು ಗಂಟೆ ಆಗಿರುತ್ತದೆ.

ಭಾನುವಾರ ಬೆಳಿಗ್ಗೆ ಹಾಲು ಹಾಕುವುದು ಮುಗಿದ ಮೇಲೆ ಒಂದು ಗಂಟೆ ಡೈರಿಯಲ್ಲೇ ಕೂರುತ್ತೇನೆ ಅಂತ ಬೋರ್ಡಿನ ಮೇಲೆ ಬರೆಸಿ. ಆ ಗಂಟೆಯಲ್ಲೇ ವಾರದ ಲೆಕ್ಕವನ್ನೂ ನೋಡಿ. ಮನೆಗೆ ಬಂದವರಿಗೆ ಇಲ್ಲ ಅನ್ನಲು ನಿಮಗೆ ಮುಜುಗರ ಆಗುತ್ತದೆ, ಗೊತ್ತು. ಒಬ್ಬರು ಚಿಕ್ಕತ್ತೆ, ಇನ್ನೊಬ್ಬರು ದೊಡ್ಡಮ್ಮ. ಇಲ್ಲ ಅನ್ನಲೇ ಬೇಡಿ. ‘ಭಾನುವಾರ ಡೈರಿಗೆ ಬನ್ನಿ ದೊಡ್ಡಮ್ಮ, ಪುಸ್ತಕ ಮುಂದಿಟ್ಟುಕೊಂಡು ಇಬ್ಬರೂ ನೋಡೋಣ’ ಅನ್ನಿ. ಎರಡು ತಿಂಗಳಲ್ಲಿ ಊರಿಗೆ ಅಭ್ಯಾಸ ಆಗುತ್ತದೆ. ಹಸುವಿಗೆ ಹುಷಾರಿಲ್ಲ ಅಂತ ಬಂದರೆ ಮಾತ್ರ ಭಾನುವಾರ ಅನ್ನಬೇಡಿ. ಪಶು ಆಂಬುಲೆನ್ಸ್ 1962 ನಂಬರನ್ನು ಡೈರಿ ಗೋಡೆ ಮೇಲೂ, ಎಲ್ಲರ ಪಾಸ್‌ಬುಕ್ ಮೇಲೂ ಬರೆಸಿಬಿಡಿ. ಕರು ಹಾಕಲು ಕಷ್ಟಪಡುವ ಹಸುವಿಗೆ ಬೇಕಾಗಿರುವುದು ಡಾಕ್ಟರು.

ಪ್ರೋತ್ಸಾಹಧನದ ಬಗ್ಗೆ ಒಂದು ಮಾತು. ಅದು ಸರ್ಕಾರದಿಂದ ನೇರ ಸದಸ್ಯರ ಖಾತೆಗೆ ಬರುವ ದುಡ್ಡು, ನಿಮ್ಮ ಕೈಲಿ ಇಲ್ಲ. ‘ಕೇಳ್ತೀನಿ, ಮಾಡಿಸ್ತೀನಿ’ ಅಂತ ಮಾತು ಕೊಟ್ಟು ಸಿಕ್ಕಿಹಾಕಿಕೊಳ್ಳಬೇಡಿ. ಫ್ಯಾಟ್ ಕಮ್ಮಿ ಬಂತು ಅನ್ನುವವರಿಗೆ ಮಾತ್ರ ಸ್ವಲ್ಪ ಕೂತು ಕೇಳಿ. ಎಷ್ಟೋ ಸಲ ಕೊನೆಯ ಹಾಲನ್ನು ಕರುವಿಗೆ ಬಿಟ್ಟಿರುತ್ತಾರೆ, ಫ್ಯಾಟ್ ಜಾಸ್ತಿ ಇರುವುದು ಆ ಕೊನೆಯ ಹಾಲಲ್ಲೇ. ಕೆಲವು ಸಲ ಸ್ಯಾಂಪಲ್ ತೆಗೆಯುವಾಗ ಸರಿಯಾಗಿ ಕಲಕಿರುವುದಿಲ್ಲ. ಅವರ ಮುಂದೆಯೇ ಇನ್ನೊಂದು ಸಲ ಪರೀಕ್ಷೆ ಮಾಡಿಸಿ. ಹಾಲು ಹಾಕುವವಳಿಗೆ ತನಗೆ ಮೋಸ ಆಗಿಲ್ಲ ಅಂತ ಕಣ್ಣಾರೆ ಕಾಣಬೇಕು. ಅಧ್ಯಕ್ಷೆಗೆ ಇದಕ್ಕಿಂತ ದೊಡ್ಡ ಕೆಲಸ ಇಲ್ಲ ಅಂತ ನಾನು ನಂಬಿದ್ದೇನೆ.

ಈಗ ನಿಮ್ಮ ಯಜಮಾನರ ಸಹಾಯಕ್ಕೆ ಮತ್ತೆ ಬರುತ್ತೇನೆ. ಅವರಿಗೆ ನಿಜವಾಗಿ ಹೊರುವ ಮನಸ್ಸಿದೆ. ಹಾಗಿದ್ದರೆ ಡೈರಿಗೆ ಹೋಗೋದು ಬೇಡ, ಅಡುಗೆಮನೆಗೆ ಬರಲಿ.

ಇದನ್ನು ಹಗುರವಾಗಿ ಹೇಳುತ್ತಿಲ್ಲ. 2024ರಲ್ಲಿ ದೇಶದಾದ್ಯಂತ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಅಂತ ಸರ್ಕಾರವೇ ಸಮೀಕ್ಷೆ ಮಾಡಿತು. ಮನೆಕೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಗಂಡಸರು 88 ನಿಮಿಷ. ಐದು ವರ್ಷದ ಹಿಂದೆ, 2019ರಲ್ಲಿ, ಇದು 299 ಮತ್ತು 97 ಇತ್ತು. ಹೆಂಗಸರದು ಹತ್ತು ನಿಮಿಷ ಇಳಿದರೆ ಗಂಡಸರದೂ ಒಂಬತ್ತು ನಿಮಿಷ ಇಳಿದಿದೆ. ನಿಮ್ಮ ಮೂರು ಕೆಲಸಗಳ ಜೊತೆಗೆ ಪತ್ರದಲ್ಲಿ ಬರೆಯದ ನಾಲ್ಕನೆಯದು ಇದೆ, ತಂಗಿ. ಅತಿ ಹೆಚ್ಚು ಹೊತ್ತು ತಿನ್ನುವುದೂ ಅದೇ. ನೀವು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ, ಯಾಕೆಂದರೆ ಅದು ಕೆಲಸ ಅಂತ ನಮಗೆ ಯಾರೂ ಹೇಳಿಕೊಟ್ಟಿಲ್ಲ.

ಎಚ್. ನರಸಿಂಹಯ್ಯನವರ ಹೆಸರು ಹೇಳಿ ‘ಅವರು ಕಾಲೇಜೂ ನಡೆಸಿದರು, ವಿಶ್ವವಿದ್ಯಾಲಯದ ಕುಲಪತಿಯೂ ಆದರು, ಬೆಂಗಳೂರು ಸೈನ್ಸ್ ಫೋರಂ ಕಟ್ಟಿ ಬೆಳೆಸಿದರು, ಮನಸ್ಸಿದ್ದರೆ ಎಲ್ಲಕ್ಕೂ ಟೈಮ್ ಇದೆ’ ಅನ್ನುವವರನ್ನು ಕಂಡಿದ್ದೇನೆ. ಆ ಹಿರಿಯರ ಬಗ್ಗೆ ನನಗೆ ಅಪಾರ ಗೌರವ. ಆದರೆ ಅವರು ಮದುವೆಯಾಗಲಿಲ್ಲ, ನ್ಯಾಷನಲ್ ಕಾಲೇಜಿನ ಹಾಸ್ಟೆಲ್ಲಿನಲ್ಲೇ ಬಾಳು ಕಳೆದರು. ಯುಕೆಜಿ ಮಗುವಿನ ಟಿಫನ್ ಬಾಕ್ಸ್ ಅವರಿಗೆ ಕಟ್ಟಬೇಕಿರಲಿಲ್ಲ. ಅಂಥವರ ಜೊತೆ ನಿಮ್ಮನ್ನು ಹೋಲಿಸಿ ‘ನನ್ನಿಂದ ಆಗ್ತಿಲ್ಲ’ ಅಂತ ಕೊರಗಬೇಡಿ.

ಯಜಮಾನರ ಹತ್ತಿರ ಹೀಗೆ ಹೇಳಿ ನೋಡಿ: ‘ಡೈರಿ ನಾನೇ ನೋಡ್ಕೋತೀನಿ, ಸಹಿ ನಂದು ಅಲ್ವಾ. ನೀವು ಬೆಳಿಗ್ಗೆ ಮಕ್ಕಳನ್ನ ಎಬ್ಬಿಸಿ ಸ್ಕೂಲಿಗೆ ಕಳಿಸೋದು ನೋಡ್ಕೊಳ್ಳಿ.’ ಬರಿ ‘ಸಹಾಯ ಮಾಡಿ’ ಅನ್ನಬೇಡಿ. ಸಹಾಯ ಅಂದರೆ ಕೆಲಸ ನಿಮ್ಮದೇ, ಅವರು ಆಗಾಗ ಕೈ ಹಾಕೋದು. ಪೂರ್ತಿ ಒಂದು ಕೆಲಸ ಕೊಟ್ಟುಬಿಡಿ, ಎಬ್ಬಿಸೋದರಿಂದ ಬಸ್ಸು ಹತ್ತಿಸೋವರೆಗೂ. ಮೊದಲ ಹದಿನೈದು ದಿನ ಜಡೆ ಸೊಟ್ಟ ಇರುತ್ತದೆ, ಸಾಕ್ಸ್ ಜೋಡಿ ಬೇರೆ ಇರುತ್ತದೆ. ನೀವು ಮಧ್ಯೆ ಹೋಗಬೇಡಿ. ಕೊಬ್ಬರಿ ಹರಾಜಿಗೆ ಅವರು ಹೋಗಬೇಕಾದ ದಿನಗಳನ್ನು ಮಾತ್ರ ಬಿಟ್ಟುಕೊಡಿ. ಇದರಿಂದ ನಿಮಗೆ ಬೆಳಿಗ್ಗೆ ಒಂದು ಗಂಟೆ ಸಿಗುತ್ತದೆ. ತಲೆ ಹಗುರ ಇರುವ ಗಂಟೆ ಅದು.

ಅತ್ತೆಯವರನ್ನೂ ಮರೆಯಬೇಡಿ. ನೀವು ಅಧ್ಯಕ್ಷೆಯಾದರೆ ಹಸುಗಳ ಭಾರ ಇನ್ನಷ್ಟು ಅವರ ಮೇಲೆ ಬೀಳುತ್ತದೆ. ಸಂಘದ ಬೈಲಾದಲ್ಲಿ, ಅಂದರೆ ಸಂಘದ ಒಳನಿಯಮಗಳಲ್ಲಿ, ಹೇಳಿರುವಷ್ಟು ದಿನ, ಅಷ್ಟು ಲೀಟರ್ ನಿಮ್ಮ ಹೆಸರಲ್ಲಿ ಹಾಲು ಹೋಗದಿದ್ದರೆ ಮಂಡಳಿಯಲ್ಲಿ ಉಳಿಯುವ ಹಕ್ಕೇ ಹೋಗಬಹುದು. ಅಂದರೆ ನಿಮ್ಮ ಕುರ್ಚಿ ನಿಂತಿರುವುದು ಅವರ ಕೈ ಮೇಲೆ. ಬಟವಾಡೆ ದುಡ್ಡಲ್ಲಿ ಒಂದು ಪಾಲು ಪ್ರತಿಸಲ ಅವರ ಕೈಗೆ ಕೊಡಿ, ಕೇಳುವ ಮುಂಚೆ.

ಕೆ-ಸೆಟ್ ಬಗ್ಗೆ ನಿಮಗೆ ಗೊತ್ತಿರುವುದೇ ಜಾಸ್ತಿ, ಆದರೂ ಎರಡು ಮಾತು. 2023ರ ಜುಲೈನಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ನೆಟ್ (ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ) ಅಥವಾ ಸೆಟ್ ಸಾಕು, ಪಿಎಚ್‌ಡಿ ಕಡ್ಡಾಯ ಅಲ್ಲ. ಹಾಗಾಗಿ ಈ ಪರೀಕ್ಷೆಗೆ ಬೆಲೆ ಇದೆ, ನಿಮ್ಮ ಹಠ ಸರಿಯಾಗಿದೆ. ಮೊದಲ ಪತ್ರಿಕೆ 50 ಪ್ರಶ್ನೆ, 100 ಅಂಕ. ಎರಡನೆಯದು ನಿಮ್ಮ ಕನ್ನಡ, 100 ಪ್ರಶ್ನೆ, 200 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಸಾಮಾನ್ಯ ವರ್ಗಕ್ಕೆ ಒಟ್ಟು 40, ಮೀಸಲು ವರ್ಗಗಳಿಗೆ 35 ಶೇಕಡಾ ಬೇಕು. ಆದರೆ ಅಷ್ಟು ಬಂದರೆ ಸಾಲದು, ಪರೀಕ್ಷೆ ಬರೆದವರಲ್ಲಿ ಮೇಲಿನ 6 ಶೇಕಡಾ ಮಂದಿಗೇ ಅರ್ಹತೆ. ‘ಸ್ವಲ್ಪದರಲ್ಲೇ ತಪ್ಪಿತು’ ಅಂದಿರಲ್ಲ, ಎರಡೂ ಸಲದ ಅಂಕಪಟ್ಟಿ ತೆಗೆದು ಯಾವ ಪತ್ರಿಕೆಯಲ್ಲಿ ತಪ್ಪಿತು ನೋಡಿ. ಕನ್ನಡ ಎಂ.ಎ. ಮಾಡಿದ ನನ್ನ ಪರಿಚಯದವರಲ್ಲಿ ಬಹಳ ಜನರಿಗೆ ಕೈ ಕೊಟ್ಟಿದ್ದು ಮೊದಲ ಪತ್ರಿಕೆ. ಅಂಕಿ ಅಂಶ ಬಿಡಿಸೋದು, ತರ್ಕ, ಕಂಪ್ಯೂಟರ್.

ಬಸ್ಸಿನ ಒಂದೂವರೆ ಗಂಟೆ ಎರಡನೇ ಪತ್ರಿಕೆಗೆ. ಹಳಗನ್ನಡ ಪಠ್ಯ, ಛಂದಸ್ಸು, ವಿಮರ್ಶೆ ಎಲ್ಲ ಕೂತಲ್ಲೇ ಓದಬಹುದು, ಫೋನಿನಲ್ಲಿ ಧ್ವನಿ ಮಾಡಿಟ್ಟುಕೊಂಡು ಕೇಳಬಹುದು. ಮೊದಲ ಪತ್ರಿಕೆಗೆ ಪೆನ್ನು, ಹಾಳೆ, ಮೇಜು ಬೇಕು. ಅದು ಬೆಳಿಗ್ಗೆ ಸಿಗುವ ಒಂದು ಗಂಟೆಗೆ. ರಾತ್ರಿ ಓದಬೇಡಿ. ರಾತ್ರಿ ಮಲಗಿ.

ಒಂದು ಎಚ್ಚರಿಕೆ. ಡೈರಿ ಕೆಲಸದಿಂದ ನೀವು ಬೆಳೆಯುತ್ತೀರಿ, ಅದು ನಿಜ. ಸಭೆಯಲ್ಲಿ ಮಾತಾಡೋದು, ಲೆಕ್ಕ ಓದೋದು, ಅಧಿಕಾರಿಯ ಎದುರು ಕೂತು ಕೇಳಬೇಕಾದ್ದನ್ನು ಕೇಳೋದು, ಇವು ತರಗತಿಯಲ್ಲೂ ಸಹಾಯಕ್ಕೆ ಬರುತ್ತವೆ. ಆದರೆ ‘ಇದೂ ಒಂದು ಕಲಿಕೆ ಅಲ್ವಾ’ ಅಂದುಕೊಂಡು ಪುಸ್ತಕ ಮುಚ್ಚಿಡಬೇಡಿ. ನಾನು ಆ 11 ವರ್ಷ ಹೇಳಿಕೊಂಡ ಮಾತು ಅದೇ. ಸೆಟ್ ಬರೆಯಲು ವಯಸ್ಸಿನ ಮಿತಿ ಇಲ್ಲ ಅನ್ನೋದು ಒಳ್ಳೆಯದೂ ಹೌದು, ಕೆಟ್ಟದ್ದೂ ಹೌದು. ಮುಂದೂಡುತ್ತಾ ಹೋಗಲು ಅದರಷ್ಟು ಸುಲಭದ ನೆಪ ಇಲ್ಲ.

ಕಾಲೇಜಿನ ಬಗ್ಗೆ ಹೆಚ್ಚು ಹೇಳಲು ಇಲ್ಲ. ಪ್ರಾಂಶುಪಾಲರಿಗೆ ನೀವೇ ಮೊದಲು ಹೇಳಿ, ಬೇರೆಯವರ ಬಾಯಿಂದ ಗೊತ್ತಾಗಬಾರದು. ತರಗತಿ ಹೊತ್ತಲ್ಲಿ ಡೈರಿ ಫೋನ್ ಎತ್ತಬೇಡಿ. ಒಕ್ಕೂಟದ ಸಭೆಗೆ ತುಮಕೂರಿಗೆ ಹೋಗುವ ದಿನ ರಜೆ ಹಾಕಿಯೇ ಹೋಗಿ. ಮುಂದೆ ಸೆಟ್ ಆಗಿ ಸರ್ಕಾರಿ ಕಾಲೇಜಿಗೆ ನೇಮಕ ಆದರೆ ಆಗ ಸರ್ಕಾರಿ ನೌಕರರ ನಡತೆ ನಿಯಮಗಳು ಅನ್ವಯ ಆಗುತ್ತವೆ. ಇಂಥ ಚುನಾಯಿತ ಸ್ಥಾನದಲ್ಲಿ ಇರಬಹುದೇ ಅಂತ ಆಗ ಇಲಾಖೆಯ ಅನುಮತಿ ಕೇಳಬೇಕಾಗುತ್ತದೆ. ಉಪಾಧ್ಯಕ್ಷೆಯನ್ನು ಈಗಿಂದಲೇ ತಯಾರು ಮಾಡಿ ಅಂದಿದ್ದಕ್ಕೆ ಇದೂ ಒಂದು ಕಾರಣ.

ಒಪ್ಪುವ ಮುಂಚೆ ಒಂದು ಕೆಲಸ ಮಾಡಿ. ಮುಂದಿನ ಭಾನುವಾರ ಡೈರಿಗೆ ಹೋಗಿ ಕಾರ್ಯದರ್ಶಿಯ ಹತ್ತಿರ ನಾಲ್ಕು ಕೇಳಿ: ಬೈಲಾ, ಕಳೆದ ವರ್ಷದ ಆಡಿಟ್ ವರದಿ, ನಡಾವಳಿ ಪುಸ್ತಕ, ಕಳೆದ ಮೂರು ತಿಂಗಳ ಒಕ್ಕೂಟದ ಚೀಟಿಗಳು. ನಿರ್ದೇಶಕಿಯಾಗಿ ನೋಡುವ ಹಕ್ಕು ನಿಮಗೆ ಈಗಲೇ ಇದೆ. ಕೂತು ನಿಧಾನವಾಗಿ ಓದಿ. ಆಡಿಟ್‌ನಲ್ಲಿ ಆಕ್ಷೇಪಣೆಗಳಿದ್ದು ಅವಕ್ಕೆ ಉತ್ತರ ಕೊಟ್ಟಿಲ್ಲ ಅಂತಾದರೆ, ಅವನ್ನು ಇತ್ಯರ್ಥ ಮಾಡಿದ ಮೇಲೇ ನಾನು ಸಹಿ ಮಾಡೋದು ಅಂತ ಮಂಡಳಿಯಲ್ಲಿ ಹೇಳಿ, ನಡಾವಳಿಯಲ್ಲಿ ಬರೆಸಿ. ನಾಲ್ಕೂ ಕೈಗೆ ಬಂದರೆ ಧೈರ್ಯವಾಗಿ ಒಪ್ಪಿಕೊಳ್ಳಿ. ‘ಅದೆಲ್ಲ ನಿಮಗ್ಯಾಕೆ ಮೇಡಂ, ಯಜಮಾನರಿಗೆ ತೋರಿಸ್ತೀನಿ ಬಿಡಿ’ ಅನ್ನೋ ಉತ್ತರ ಬಂದರೆ, ಕುರ್ಚಿ ಮೇಲೆ ಕೂರುವ ಮೊದಲು ಆ ಮಾತನ್ನು ಅಲ್ಲೇ, ಆ ಟೇಬಲ್ ಮುಂದೆಯೇ, ನೀವೇ ತಿದ್ದಬೇಕು.